ರುಡಾಲ್ಫ್ ವಿರ್ಚೋ

ಮನುಷ್ಯನನ್ನು ಕಾಡುವ ವ್ಯಾಧಿಗಳಲ್ಲಿ ಕ್ಯಾನ್ಸರಿನಷ್ಟು ಭೀತಿಯನ್ನು ಹುಟ್ಟಿಸಿದವು ಕೆಲವೇ. ಪ್ರಾಚೀನ ಗ್ರೀಸ್ ದೇಶದ ವೈದ್ಯರು ಈ ವ್ಯಾಧಿಯನ್ನು ಕಂಡಿದ್ದರು. ಗಡ್ಡೆಯ ಸುತ್ತಲೂ ಉಬ್ಬಿ ಹರಡಿಕೊಂಡ ರಕ್ತನಾಳಗಳು ಅವರ ಕಣ್ಣಿಗೆ ಏಡಿಯ ಕಾಲುಗಳಂತೆ ತೋರಿದವು. ಆದುದರಿಂದ ಅವರು ಅದಕ್ಕೆ ಏಡಿಯ ಹೆಸರನ್ನೇ ಇಟ್ಟರು. ಕ್ಯಾನ್ಸರ್ ಎಂಬ ಲ್ಯಾಟಿನ್ ಪದಕ್ಕೂ ಏಡಿ ಎಂಬುದೇ ಅರ್ಥ. ದೇಹದಲ್ಲಿ ಕಪ್ಪು ಪಿತ್ತವೆಂಬ ರಸವು ಹೆಚ್ಚಾಗಿ ಒಂದೆಡೆ ಮಡುಗಟ್ಟಿದಾಗ ಈ ವ್ಯಾಧಿಯು ಹುಟ್ಟುತ್ತದೆ ಎಂದು ಗೇಲನ್ ಎಂಬ ವೈದ್ಯನು ಬೋಧಿಸಿದನು. ಅವನ ಮಾತು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಯೂರೋಪಿನ ವೈದ್ಯರಿಗೆ ವೇದವಾಕ್ಯವಾಗಿತ್ತು. ಸ್ತನದಲ್ಲಿ ಮೂಡಿದ ಗಡ್ಡೆ, ತುಟಿಯ ಮೇಲಿನ ಮಾಯದ ಹುಣ್ಣು, ಎಲುಬಿನ ಮೇಲೆ ಎದ್ದ ಬಾವು, ಹೊಟ್ಟೆಯೊಳಗಿನ ಗಂಟು ಇವೆಲ್ಲವೂ ಒಂದೇ ಕೆಟ್ಟ ರಸದ ಕೃತ್ಯವೆಂದು ಅವರು ನಂಬಿದ್ದರು.

ಈ ನಂಬಿಕೆಯನ್ನು ಕದಲಿಸಿ, ರೋಗದ ನೆಲೆಯನ್ನು ಹುಡುಕಬೇಕಾದುದು ರಸಗಳಲ್ಲಿ ಅಲ್ಲ, ದೇಹವನ್ನು ಕಟ್ಟಿರುವ ಜೀವಕೋಶಗಳಲ್ಲಿ ಎಂದು ಜಗತ್ತಿಗೆ ತಿಳಿಸಿದವರಲ್ಲಿ ಅಗ್ರಗಣ್ಯನು ರುಡಾಲ್ಫ್ ವಿರ್ಚೋ. ಕ್ಯಾನ್ಸರ್ ಎಂಬುದು ಒಂದು ರೋಗವಲ್ಲ, ಒಂದೇ ಹೆಸರನ್ನು ಹೊತ್ತ ಹಲವು ರೋಗಗಳ ಸಮೂಹ ಎಂದು ಇಂದು ನಾವು ಅರಿತಿದ್ದೇವೆ. ಈ ಅರಿವಿಗೆ ತಳಹದಿಯನ್ನು ಹಾಕಿದ ಕೀರ್ತಿಯ ಬಹುಪಾಲು ಅವನಿಗೆ ಸಲ್ಲುತ್ತದೆ.

ವಿರ್ಚೋ 1821ರ ಅಕ್ಟೋಬರ್ 13ರಂದು ಪ್ರಷ್ಯ ರಾಜ್ಯಕ್ಕೆ ಸೇರಿದ್ದ ಪೊಮರೇನಿಯ ಪ್ರಾಂತದ ಶೀವೆಲ್‌ಬೈನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ಈ ಊರು ಈಗ ಪೋಲೆಂಡ್ ದೇಶದಲ್ಲಿದೆ. ತಂದೆ ಬೇಸಾಯಗಾರ; ಪಟ್ಟಣದ ಖಜಾನೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದನು. ತಂದೆತಾಯಿಗಳಿಗೆ ವಿರ್ಚೋ ಏಕಮಾತ್ರ ಪುತ್ರ. ಮಗನನ್ನು ದೂರದ ನಗರದಲ್ಲಿಟ್ಟು ಓದಿಸುವಷ್ಟು ಅನುಕೂಲ ಆ ಮನೆಯಲ್ಲಿರಲಿಲ್ಲ. ಆದರೆ ಹುಡುಗನ ಬುದ್ಧಿ ಚುರುಕಾಗಿತ್ತು. ಸೈನ್ಯಕ್ಕೆ ವೈದ್ಯರನ್ನು ತಯಾರುಮಾಡಲು ಬರ್ಲಿನ್ ನಗರದಲ್ಲಿ ಸರಕಾರವು ನಡೆಸುತ್ತಿದ್ದ ಸಂಸ್ಥೆಯೊಂದರಲ್ಲಿ 1839ರಲ್ಲಿ ವಿದ್ಯಾರ್ಥಿವೇತನದೊಡನೆ ಅವನಿಗೆ ಪ್ರವೇಶ ದೊರೆಯಿತು.

ಅವನು ಬರ್ಲಿನ್ನಿಗೆ ಬಂದ ಕಾಲವು ಜೀವವಿಜ್ಞಾನದಲ್ಲಿ ದೊಡ್ಡ ಮಾರ್ಪಾಡುಗಳ ಕಾಲವಾಗಿತ್ತು. ಸಸ್ಯಗಳೆಲ್ಲವೂ ಜೀವಕೋಶಗಳಿಂದ ರಚಿತವಾಗಿವೆ ಎಂದು ಶ್ಲೈಡನ್ ಎಂಬುವನು 1838ರಲ್ಲಿ ಸಾರಿದ್ದನು. ಪ್ರಾಣಿಗಳ ದೇಹವೂ ಹಾಗೆಯೇ ಎಂದು ಮರುವರ್ಷ ಶ್ವಾನ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ಈ ಶ್ವಾನನಿಗೂ ವಿರ್ಚೋವಿಗೂ ಗುರುವಾಗಿದ್ದವನು ಯೋಹಾನೆಸ್ ಮ್ಯುಲರ್ ಎಂಬ ಮಹಾವಿದ್ವಾಂಸ. ಮ್ಯುಲರನು ಹಲವು ಬಗೆಯ ಗಡ್ಡೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿ, ಅವೂ ಕೋಶಗಳಿಂದಲೇ ಆದವು ಎಂದು 1838ರಲ್ಲಿ ಪ್ರಕಟಿಸಿದ್ದನು. ಕಣ್ಣಾರೆ ಕಂಡುದನ್ನು ಮಾತ್ರ ನಂಬಬೇಕು, ಕಂಡುದನ್ನು ಅಳೆದು ತೂಗಿ ಹೇಳಬೇಕು ಎಂಬ ಶಿಸ್ತನ್ನು ವಿರ್ಚೋ ಈ ಗುರುವಿನಿಂದ ಕಲಿತನು.

1843ರಲ್ಲಿ ವೈದ್ಯಪದವಿಯನ್ನು ಪಡೆದ ವಿರ್ಚೋ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಮೃತರ ದೇಹಗಳನ್ನು ಛೇದಿಸಿ ಸಾವಿನ ಕಾರಣವನ್ನು ತಿಳಿಯುವ ವಿಭಾಗದಲ್ಲಿ ಸಹಾಯಕನಾಗಿ ಅವನು ದುಡಿಯತೊಡಗಿದನು. ಇತರರು ಹಿಂದೆಗೆಯುವ ಆ ಕೆಲಸ ಅವನಿಗೆ ಜ್ಞಾನದ ಗಣಿಯಾಯಿತು. 1845ರಲ್ಲಿ ಸುಮಾರು ಐವತ್ತು ವರ್ಷ ವಯಸ್ಸಿನ ಅಡುಗೆಯವಳೊಬ್ಬಳು ಆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ದೇಹವು ಬಾತುಕೊಂಡಿದ್ದಿತು. ಗುಲ್ಮವು ಅತಿಯಾಗಿ ದೊಡ್ಡದಾಗಿದ್ದಿತು. ವಿರ್ಚೋ ಅವಳ ರಕ್ತನಾಳಗಳನ್ನು ತೆರೆದು ನೋಡಿದಾಗ ಅಲ್ಲಿ ಕೆಂಪು ರಕ್ತಕ್ಕೆ ಬದಲಾಗಿ ಕೀವಿನಂತಹ ಬಿಳಿಯ ದ್ರವವು ತುಂಬಿರುವುದು ಕಂಡುಬಂದಿತು.

ಇಂತಹುದೇ ಒಬ್ಬ ರೋಗಿಯನ್ನು ಕುರಿತು ಎಡಿನ್‌ಬರೊ ನಗರದ ಬೆನೆಟ್ ಎಂಬ ವೈದ್ಯನು ಅದೇ ವರ್ಷ, ವಿರ್ಚೋವಿಗಿಂತ ಕೆಲವು ವಾರಗಳ ಮುಂಚೆ ಬರೆದಿದ್ದನು. ರಕ್ತವೇ ಕೀವಾಗಿದೆ ಎಂಬುದು ಅವನ ತೀರ್ಮಾನವಾಗಿತ್ತು. ವಿರ್ಚೋ ಹಾಗೆ ತೀರ್ಮಾನಿಸಲಿಲ್ಲ. ಕೀವು ಇರಬೇಕಾದರೆ ದೇಹದಲ್ಲಿ ಎಲ್ಲಿಯಾದರೂ ಹುಣ್ಣು ಇರಬೇಕು, ಉರಿಯೂತವಿರಬೇಕು. ಅವನು ಹುಡುಕಿದನು, ಅದು ಎಲ್ಲಿಯೂ ಸಿಕ್ಕಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ದ್ರವದಲ್ಲಿದ್ದವು ಹೊರಗಿನಿಂದ ಬಂದ ಕಣಗಳಲ್ಲ, ಆರೋಗ್ಯವಂತರ ರಕ್ತದಲ್ಲಿಯೂ ಇರುವ ಬಿಳಿಯ ಕಣಗಳೇ ಎಂಬುದು ಸ್ಪಷ್ಟವಾಯಿತು. ಆದರೆ ಅವುಗಳ ಪ್ರಮಾಣ ತಲೆಕೆಳಗಾಗಿತ್ತು. ಕೆಂಪುಕಣಗಳ ನಡುವೆ ವಿರಳವಾಗಿರಬೇಕಾದ ಬಿಳಿಕಣಗಳು ಲೆಕ್ಕವಿಲ್ಲದಂತೆ ಬೆಳೆದು ಕೆಂಪುಕಣಗಳನ್ನೇ ಹಿಂದಿಕ್ಕಿದ್ದವು. ಇಪ್ಪತ್ತನಾಲ್ಕನೆಯ ವಯಸ್ಸಿನ ಆ ತರುಣನು ತಾನು ಕಂಡುದಕ್ಕಿಂತ ಒಂದು ಮಾತನ್ನೂ ಹೆಚ್ಚಾಗಿ ಹೇಳಲಿಲ್ಲ. ಆ ಸ್ಥಿತಿಯನ್ನು ಬಿಳಿಯ ರಕ್ತ ಎಂದಷ್ಟೇ ಕರೆದನು. 1847ರಲ್ಲಿ ಅದೇ ಅರ್ಥವನ್ನು ಕೊಡುವ ಗ್ರೀಕ್ ಪದಗಳಿಂದ ಲ್ಯುಕೀಮಿಯ ಎಂಬ ಹೆಸರನ್ನು ರಚಿಸಿದನು. ಮುಂದೆ ಅವನು ಈ ವ್ಯಾಧಿಯಲ್ಲಿಯೇ ಗುಲ್ಮಕ್ಕೆ ಸಂಬಂಧಿಸಿದುದು ಒಂದು, ದುಗ್ಧಗ್ರಂಥಿಗಳಿಗೆ ಸಂಬಂಧಿಸಿದುದು ಮತ್ತೊಂದು ಎಂದು ಎರಡು ಬಗೆಗಳನ್ನು ಗುರುತಿಸಿದನು. ಗಡ್ಡೆಯೇ ಇಲ್ಲದ ಈ ರೋಗವನ್ನು ಇಂದು ನಾವು ರಕ್ತದ ಕ್ಯಾನ್ಸರ್ ಎಂದು ಕರೆಯುತ್ತೇವೆ. ರಕ್ತಕಣಗಳು ಹುಟ್ಟುವ ಎಲುಬಿನ ಮಜ್ಜೆಯೇ ಅದರ ಮೂಲಸ್ಥಾನವೆಂಬುದು ಆಮೇಲೆ ತಿಳಿದ ಸಂಗತಿ.

1847ರಲ್ಲಿ ವಿರ್ಚೋ ತನ್ನ ಗೆಳೆಯ ರೈನ್‌ಹಾರ್ಟನೊಡನೆ ಸೇರಿ ವೈದ್ಯವಿಜ್ಞಾನಕ್ಕಾಗಿ ಒಂದು ಪತ್ರಿಕೆಯನ್ನು ಆರಂಭಿಸಿದನು. ಗೆಳೆಯನು ಬೇಗನೆ ತೀರಿಕೊಂಡನು. ವಿರ್ಚೋ ತನ್ನ ಕೊನೆಗಾಲದವರೆಗೂ ಅದರ ಹೊಣೆಯನ್ನು ಹೊತ್ತನು. ಆ ಪತ್ರಿಕೆಯು ಅವನ ಹೆಸರಿನಲ್ಲಿ ಇಂದಿಗೂ ಪ್ರಕಟವಾಗುತ್ತಿದೆ.

1848ರ ಆರಂಭದಲ್ಲಿ ಮೇಲಣ ಸೈಲೀಸಿಯ ಎಂಬ ಬಡ ಪ್ರದೇಶದಲ್ಲಿ ಟೈಫಸ್ ಎಂಬ ಸಾಂಕ್ರಾಮಿಕ ಜ್ವರ ಹಬ್ಬಿತು. ಕ್ಷಾಮದಿಂದ ಕಂಗೆಟ್ಟ ಜನರು ತರಗೆಲೆಗಳಂತೆ ಉದುರಿದರು. ಪರಿಸ್ಥಿತಿಯನ್ನು ನೋಡಿ ವರದಿ ಮಾಡಲು ಸರಕಾರವು ವಿರ್ಚೋವನ್ನು ಕಳುಹಿಸಿತು. ಸುಮಾರು ಮೂರು ವಾರಗಳ ಕಾಲ ಅವನು ಗುಡಿಸಿಲಿನಿಂದ ಗುಡಿಸಿಲಿಗೆ ನಡೆದನು. ಹಿಂದಿರುಗಿ ಬಂದು ಒಪ್ಪಿಸಿದ ವರದಿಯು ಅಧಿಕಾರಿಗಳನ್ನು ಬೆಚ್ಚಿಬೀಳಿಸಿತು. ಅವನು ಕೇಳಿದುದು ಔಷಧವನ್ನಷ್ಟೇ ಅಲ್ಲ. ಜನರಿಗೆ ಅವರ ತಾಯ್ನುಡಿಯಾದ ಪೋಲಿಷ್ ಭಾಷೆಯಲ್ಲಿ ಶಿಕ್ಷಣ ಬೇಕು, ಅನ್ನ ಬೇಕು, ರಸ್ತೆಗಳು ಬೇಕು, ತೆರಿಗೆಯ ಭಾರವು ಬಡವರ ಹೆಗಲಿನಿಂದ ಇಳಿಯಬೇಕು, ತಮ್ಮ ಊರಿನ ಆಡಳಿತದಲ್ಲಿ ಅವರಿಗೆ ಅಧಿಕಾರವಿರಬೇಕು ಎಂದು ಅವನು ಬರೆದನು. ಅದೇ ಮಾರ್ಚ್ ತಿಂಗಳಿನಲ್ಲಿ ಬರ್ಲಿನ್ನಿನಲ್ಲಿ ಕ್ರಾಂತಿಯು ಭುಗಿಲೆದ್ದಾಗ ಅವನು ಜನರ ಪಕ್ಷವನ್ನು ವಹಿಸಿದನು. ಕ್ರಾಂತಿಯು ಸೋತಿತು, ವಿರ್ಚೋ ತನ್ನ ಸ್ಥಾನವನ್ನು ಕಳೆದುಕೊಂಡನು. 1849ರಲ್ಲಿ ಬವೇರಿಯ ರಾಜ್ಯದ ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯವು ಅವನನ್ನು ಪ್ರಾಧ್ಯಾಪಕನನ್ನಾಗಿ ಬರಮಾಡಿಕೊಂಡಿತು.

ಅಲ್ಲಿ ಕಳೆದ ಏಳು ವರ್ಷಗಳು ಅವನ ಬಾಳಿನ ಫಲವತ್ತಾದ ಕಾಲ. ಹಳೆಯ ಕೋಶದಿಂದಲ್ಲದೆ ಹೊಸ ಕೋಶವು ಹುಟ್ಟಲಾರದು ಎಂಬ ತತ್ವವು ಅವನ ಮನಸ್ಸಿನಲ್ಲಿ ದೃಢವಾದುದು ಅಲ್ಲಿಯೇ. ಅದಕ್ಕೆ ಮೊದಲು ಕೋಶಗಳು ದೇಹರಸದಿಂದ ಹರಳುಗಟ್ಟಿದಂತೆ ತಾವಾಗಿಯೇ ಉಂಟಾಗುತ್ತವೆ ಎಂದು ಅನೇಕರು ಭಾವಿಸಿದ್ದರು. ಕೋಶಗಳು ಇಬ್ಭಾಗವಾಗಿಯೇ ಹೆಚ್ಚುತ್ತವೆ ಎಂಬುದನ್ನು ರಾಬರ್ಟ್ ರೆಮಾಕ್ ಎಂಬ ವಿಜ್ಞಾನಿಯು ವಿರ್ಚೋವಿಗಿಂತ ಮೊದಲೇ ಹೇಳಿದ್ದನು. ಯಹೂದಿಯಾದ ಕಾರಣ ಅವನಿಗೆ ತಕ್ಕ ಸ್ಥಾನವೂ ಮನ್ನಣೆಯೂ ದೊರೆಯದೆ ಹೋದುವು. ಆ ತತ್ವವನ್ನು ರೋಗಗಳಿಗೆ ಅನ್ವಯಿಸಿ, ಅದರ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದ ಸಾಹಸ ಮಾತ್ರ ವಿರ್ಚೋವಿನದು.

1856ರಲ್ಲಿ ಬರ್ಲಿನ್ ನಗರವು ಅವನನ್ನು ಗೌರವದಿಂದ ಮರಳಿ ಕರೆಯಿತು. ಅವನಿಗಾಗಿಯೇ ವ್ಯಾಧಿಶಾಸ್ತ್ರದ ಸಂಸ್ಥೆಯೊಂದು ಸಿದ್ಧವಾಯಿತು. 1858ರಲ್ಲಿ ಅವನು ಅಲ್ಲಿ ವೈದ್ಯರ ಎದುರಿಗೆ ಇಪ್ಪತ್ತು ಉಪನ್ಯಾಸಗಳನ್ನು ಕೊಟ್ಟನು. ಅವು ಕೋಶವ್ಯಾಧಿಶಾಸ್ತ್ರ ಎಂಬ ಹೆಸರಿನ ಗ್ರಂಥವಾಗಿ ಅದೇ ವರ್ಷ ಪ್ರಕಟವಾದವು. ದೇಹವೆಂದರೆ ಒಬ್ಬ ರಾಜನ ಅಪ್ಪಣೆಯಂತೆ ನಡೆಯುವ ರಾಜ್ಯವಲ್ಲ; ಕೋಟಿಕೋಟಿ ಜೀವಕೋಶಗಳು ಪೌರರಂತೆ ಒಂದನ್ನೊಂದು ಆಶ್ರಯಿಸಿ ಬಾಳುವ ಪ್ರಜಾರಾಜ್ಯ ಎಂದು ಅವನು ವಿವರಿಸಿದನು. ಈ ಪೌರರಲ್ಲಿ ಕೆಲವರು ಕೆಟ್ಟರೆ ಅದೇ ರೋಗ. ರೋಗಕ್ಕೆ ಗುರಿಯಾದ ಕೋಶವು ಹೊರಗಿನಿಂದ ಬಂದ ಶತ್ರುವಲ್ಲ, ದೇಹದ ಸ್ವಂತ ಕೋಶದ ಸಂತತಿಯೇ ಆಗಿದೆ ಎಂಬ ಮಾತು ಕ್ಯಾನ್ಸರಿನ ವಿಷಯದಲ್ಲಿ ಎಷ್ಟು ಸತ್ಯವೆಂಬುದನ್ನು ಮುಂದಿನ ಕಾಲವು ತೋರಿಸಿಕೊಟ್ಟಿತು.

ಆರೋಗ್ಯವಾದ ದೇಹದಲ್ಲಿ ಕೋಶಗಳು ಅಗತ್ಯವಿದ್ದಷ್ಟು ಮಾತ್ರ ಹೆಚ್ಚುತ್ತವೆ. ಗಾಯವು ಮಾಯುವವರೆಗೆ ಚರ್ಮದ ಕೋಶಗಳು ಬೆಳೆಯುತ್ತವೆ. ಮಾಯ್ದ ಮೇಲೆ ನಿಲ್ಲುತ್ತವೆ. ಈ ಕಟ್ಟಳೆಯನ್ನು ಮೀರಿ ಯಾವುದೋ ಕೋಶವು ಬೆಳೆಯತೊಡಗಿದರೆ ಗಡ್ಡೆಯುಂಟಾಗುತ್ತದೆ. ಎಲ್ಲ ಗಡ್ಡೆಗಳೂ ಕ್ಯಾನ್ಸರ್ ಅಲ್ಲ. ಕೆಲವು ತಮ್ಮ ಎಲ್ಲೆಯೊಳಗೆ ನಿಧಾನವಾಗಿ ಬೆಳೆದು ನೆರೆಯ ಭಾಗಗಳನ್ನು ಒತ್ತರಿಸುತ್ತವೆಯೇ ಹೊರತು ಒಳಹೊಕ್ಕು ನಾಶಮಾಡುವುದಿಲ್ಲ. ಚರ್ಮದ ಕೆಳಗೆ ಕೊಬ್ಬಿನಿಂದಾಗುವ ಮೆತ್ತನೆಯ ಗಡ್ಡೆಯೂ ಗರ್ಭಕೋಶದ ಸ್ನಾಯುವಿನಿಂದ ಬೆಳೆಯುವ ಗಡ್ಡೆಯೂ ಸಾಮಾನ್ಯವಾಗಿ ಇಂತಹವು. ಕ್ಯಾನ್ಸರ್ ಗಡ್ಡೆಯ ಸ್ವಭಾವವೇ ಬೇರೆ. ಅದು ನೆರೆಯ ಅಂಗಾಂಶವನ್ನು ಬೇರಿನಂತೆ ಭೇದಿಸಿಕೊಂಡು ಹೋಗುತ್ತದೆ. ಅದರ ಕೋಶಗಳು ಕಳಚಿಕೊಂಡು ರಕ್ತದಲ್ಲಿಯೋ ದುಗ್ಧರಸದಲ್ಲಿಯೋ ತೇಲಿಹೋಗಿ ದೂರದ ಅಂಗದಲ್ಲಿ ನೆಲೆಯೂರಿ ಹೊಸ ಗಡ್ಡೆಗಳನ್ನು ಹುಟ್ಟಿಸುತ್ತವೆ. ಜಠರದ ಕ್ಯಾನ್ಸರ್ ಎಷ್ಟೋ ವೇಳೆ ಎಡ ಕೊರಳೆಲುಬಿನ ಮೇಲಿನ ದುಗ್ಧಗ್ರಂಥಿಯನ್ನು ಊದಿಸುತ್ತದೆ ಎಂಬುದನ್ನು ವಿರ್ಚೋ 1848ರಷ್ಟು ಹಿಂದೆಯೇ ಗುರುತಿಸಿದ್ದನು. ಇಂದಿಗೂ ವೈದ್ಯರು ರೋಗಿಯ ಕೊರಳನ್ನು ಮುಟ್ಟಿ ನೋಡುವಾಗ ಆ ಗ್ರಂಥಿಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಗಡ್ಡೆಗಳ ಈ ಪ್ರಪಂಚವನ್ನು ವಿಂಗಡಿಸಲು ವಿರ್ಚೋ 1863ರಿಂದ 1867ರವರೆಗೆ ಮೂರು ಸಂಪುಟಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಗಡ್ಡೆಯನ್ನು ಅದರ ಗಾತ್ರದಿಂದಾಗಲಿ, ಅದು ಮೂಡಿದ ಸ್ಥಳದಿಂದಾಗಲಿ ಹೆಸರಿಸಿದರೆ ಸಾಲದು. ಅದು ಯಾವ ಜಾತಿಯ ಕೋಶದಿಂದ ಹುಟ್ಟಿತು ಎಂಬುದನ್ನು ಕೇಳಬೇಕು ಎಂಬುದೇ ಅವನ ಮಾರ್ಗ. ಮೆದುಳಿನ ನರಕೋಶಗಳ ನಡುವೆ ಆಸರೆಯಾಗಿರುವ ಒಂದು ಬಗೆಯ ಅಂಗಾಂಶಕ್ಕೆ ಅಂಟು ಎಂಬ ಅರ್ಥದ ಹೆಸರನ್ನು ಕೊಟ್ಟವನೂ ಅವನೇ. ಅದರಿಂದ ಹುಟ್ಟುವ ಮೆದುಳಿನ ಗಡ್ಡೆಗಳನ್ನು ಗ್ಲಯೋಮ ಎಂದು ಇಂದಿಗೂ ಕರೆಯುತ್ತಾರೆ.

ಈ ಮಾರ್ಗವನ್ನು ಹಿಡಿದು ನಡೆದ ವೈದ್ಯಶಾಸ್ತ್ರವು ಕ್ಯಾನ್ಸರುಗಳನ್ನು ಇಂದು ಕೆಲವು ದೊಡ್ಡ ಕುಲಗಳಾಗಿ ವಿಂಗಡಿಸಿದೆ. ದೇಹದ ಹೊರಮೈಯನ್ನೂ ಒಳಗಿನ ಅಂಗಗಳ ಪೊರೆಯನ್ನೂ ಗ್ರಂಥಿಗಳನ್ನೂ ರಚಿಸಿರುವ ಹೊದಿಕೆಯ ಕೋಶಗಳಿಂದ ಹುಟ್ಟುವವು ಕಾರ್ಸಿನೋಮಗಳು. ಬಾಯಿ, ಶ್ವಾಸಕೋಶ, ಸ್ತನ, ಜಠರ, ಕರುಳು, ಗರ್ಭಕೊರಳು ಇವುಗಳಲ್ಲಿ ಕಾಣುವ ಕ್ಯಾನ್ಸರುಗಳು ಬಹುಮಟ್ಟಿಗೆ ಈ ಕುಲದವು. ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಿನವೂ ಇವೇ. ಎಲುಬು, ಮೃದ್ವಸ್ಥಿ, ಸ್ನಾಯು, ಕೊಬ್ಬು ಮುಂತಾದ ಆಸರೆಯ ಅಂಗಾಂಶಗಳಿಂದ ಹುಟ್ಟುವವು ಸಾರ್ಕೋಮಗಳು. ಇವು ವಿರಳ, ಆದರೆ ಎಲುಬಿನ ಸಾರ್ಕೋಮವು ಬೆಳೆಯುವ ವಯಸ್ಸಿನ ಬಾಲಕ ಬಾಲಕಿಯರನ್ನೂ ಬಿಡುವುದಿಲ್ಲ. ರಕ್ತವನ್ನು ಉತ್ಪಾದಿಸುವ ಕೋಶಗಳಿಂದ ಹುಟ್ಟುವುದು ಲ್ಯುಕೀಮಿಯ. ದುಗ್ಧಗ್ರಂಥಿಗಳಲ್ಲಿರುವ ರಕ್ಷಕಕೋಶಗಳಿಂದ ಹುಟ್ಟುವುದು ಲಿಂಫೋಮ. ಚರ್ಮಕ್ಕೆ ಬಣ್ಣವನ್ನು ಕೊಡುವ ಕೋಶಗಳಿಂದ ಹುಟ್ಟುವುದು ಮೆಲನೋಮ. ಶ್ವಾಸಕೋಶದಂತಹ ಒಂದೇ ಅಂಗದಲ್ಲಿಯೂ ಬೇರೆ ಬೇರೆ ಕೋಶಗಳಿಂದ ಹುಟ್ಟಿ ಬೇರೆ ಬೇರೆ ವೇಗದಲ್ಲಿ ಬೆಳೆಯುವ ಹಲವು ಕ್ಯಾನ್ಸರುಗಳುಂಟು. ಒಂದು ಅಂಗದಿಂದ ಮತ್ತೊಂದು ಅಂಗಕ್ಕೆ ಹರಡಿದ ಕ್ಯಾನ್ಸರ್ ತನ್ನ ಮೂಲ ಕುಲವನ್ನು ಬಿಡುವುದಿಲ್ಲ. ಸ್ತನದಿಂದ ಹೊರಟು ಎಲುಬನ್ನು ಸೇರಿದುದು ಎಲುಬಿನ ಕ್ಯಾನ್ಸರ್ ಆಗುವುದಿಲ್ಲ, ಸ್ತನದ ಕ್ಯಾನ್ಸರೇ ಆಗಿ ಉಳಿಯುತ್ತದೆ. ವೈದ್ಯನು ಚಿಕಿತ್ಸೆಯನ್ನು ಆರಿಸುವುದೂ ಅದರಂತೆಯೇ.

ಇಷ್ಟೆಲ್ಲ ಬೆಳಕನ್ನು ಚೆಲ್ಲಿದ ವಿರ್ಚೋ ತಾನೇ ಕೆಲವು ಕಡೆ ದಾರಿ ತಪ್ಪಿದನು. ಕಾರ್ಸಿನೋಮವೂ ಸೇರಿದಂತೆ ಗಡ್ಡೆಗಳೆಲ್ಲವೂ ಆಸರೆಯ ಅಂಗಾಂಶದ ಕೋಶಗಳಿಂದಲೇ ಹುಟ್ಟುತ್ತವೆ ಎಂದು ಅವನು ನಂಬಿದನು. ಕಾರ್ಸಿನೋಮವು ಹೊದಿಕೆಯ ಕೋಶಗಳಿಂದಲೇ ಹುಟ್ಟುತ್ತದೆ ಎಂದು ಟೀರ್ಷ್ ಎಂಬ ಶಸ್ತ್ರವೈದ್ಯನು 1865ರಲ್ಲಿ ತೋರಿಸಿದನು. ವಾಲ್ಡಯರ್ ಎಂಬ ವಿದ್ವಾಂಸನು ಕೆಲವೇ ವರ್ಷಗಳಲ್ಲಿ ಅದನ್ನು ಸಮರ್ಥಿಸಿದನು. ಕ್ಯಾನ್ಸರ್ ದೂರದ ಅಂಗಕ್ಕೆ ಹರಡುವುದು ಯಾವುದೋ ವಿಷರಸದ ಮೂಲಕ ಎಂಬ ವಿರ್ಚೋವಿನ ಊಹೆಯೂ ನಿಲ್ಲಲಿಲ್ಲ. ಹರಡುವವು ಕೋಶಗಳೇ ಎಂಬುದು ಸಿದ್ಧವಾಯಿತು. ರಸಗಳ ಸಿದ್ಧಾಂತವನ್ನು ಬುಡಮೇಲು ಮಾಡಿದವನಲ್ಲಿಯೇ ಅದರ ಒಂದು ಎಳೆ ಉಳಿದಿದ್ದಿತು. ಆದರೆ ಅವನನ್ನು ತಿದ್ದಿದವರು ಬಳಸಿದುದು ಅವನ ಮಾರ್ಗವನ್ನೇ. ಯಾವ ಕೋಶದಿಂದ ಎಂಬ ಪ್ರಶ್ನೆಯು ಅವನದು. ಉತ್ತರದ ಒಂದು ಭಾಗ ಮಾತ್ರ ಬೇರೆಯವರದಾಯಿತು. ದೀರ್ಘಕಾಲದ ಕೆರಳಿಕೆಯಿಂದ ಕ್ಯಾನ್ಸರ್ ಉಂಟಾಗಬಹುದೆಂಬ ಅವನ ಇನ್ನೊಂದು ಅಭಿಪ್ರಾಯವು ಪೂರ್ಣಸತ್ಯವಲ್ಲದಿದ್ದರೂ ಅದರಲ್ಲಿ ಸತ್ಯದ ಅಂಶವಿದೆ ಎಂಬುದನ್ನು ಇಂದಿನ ವಿಜ್ಞಾನವು ಒಪ್ಪಿದೆ.

ಈ ಶಾಸ್ತ್ರವಿಚಾರವು ಜೀವನ್ಮರಣದ ಪ್ರಶ್ನೆಯಾಗಿ ಅವನ ಮುಂದೆ ನಿಂತ ಸಂದರ್ಭವೊಂದು 1887ರಲ್ಲಿ ಒದಗಿತು. ಜರ್ಮನಿಯ ಯುವರಾಜ ಫ್ರೆಡರಿಕನ ಧ್ವನಿಯು ಆ ವರ್ಷದ ಆರಂಭದಲ್ಲಿ ಒಡೆಯಿತು. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಒಂದು ಸಣ್ಣ ಗಡ್ಡೆ ಕಂಡುಬಂದಿತು. ಅದು ಕ್ಯಾನ್ಸರ್ ಎಂದು ಜರ್ಮನ್ ವೈದ್ಯರು ಶಂಕಿಸಿ, ಗಂಟಲನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಲು ಸಿದ್ಧರಾದರು. ಅದು ಆ ಕಾಲದಲ್ಲಿ ಪ್ರಾಣಕ್ಕೇ ಅಪಾಯಕರವಾದ ಚಿಕಿತ್ಸೆ. ಲಂಡನ್ನಿನಿಂದ ಬಂದ ಗಂಟಲ ತಜ್ಞ ಮೆಕೆಂಜಿಯು, ಗಡ್ಡೆಯ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ಶಸ್ತ್ರವನ್ನು ಮುಟ್ಟಬಾರದೆಂದು ಪಟ್ಟುಹಿಡಿದನು. ಅವನು ತೆಗೆದ ತುಣುಕುಗಳು ವಿರ್ಚೋವಿನ ಮೇಜಿಗೆ ಬಂದವು.

ವಿರ್ಚೋ ಅವುಗಳನ್ನು ಎಚ್ಚರಿಕೆಯಿಂದ ಪರೀಕ್ಷಿಸಿದನು. ಆ ತುಣುಕುಗಳಲ್ಲಿ ಕ್ಯಾನ್ಸರಿನ ಕುರುಹು ಕಾಣಲಿಲ್ಲ. ಅವನು ಹಾಗೆಯೇ ವರದಿಮಾಡಿದನು. ತನ್ನ ಮಾತು ಕೈಗೆ ಬಂದ ತುಣುಕುಗಳಿಗೆ ಮಾತ್ರ ಅನ್ವಯಿಸುತ್ತದೆ, ಗಂಟಲಿನಲ್ಲಿ ಉಳಿದಿರುವ ಭಾಗದ ಬಗ್ಗೆ ಅದರಿಂದ ಖಚಿತವಾಗಿ ಹೇಳಲಾಗದು ಎಂಬ ಎಚ್ಚರಿಕೆಯನ್ನೂ ಸೇರಿಸಿದನು. ಆದರೆ ಆಸೆಯುಳ್ಳವರ ಕಿವಿಗೆ ಎಚ್ಚರಿಕೆಯ ಮಾತು ಬೀಳುವುದು ಕಡಿಮೆ. ಶಸ್ತ್ರಚಿಕಿತ್ಸೆಯು ನಿಂತಿತು. ಆ ವರ್ಷದ ಕೊನೆಯ ಹೊತ್ತಿಗೆ ಗಡ್ಡೆಯು ಬೆಳೆದು ಕ್ಯಾನ್ಸರ್ ಎಂಬುದು ನಿಸ್ಸಂದೇಹವಾಯಿತು. 1888ರ ಫೆಬ್ರವರಿಯಲ್ಲಿ ಉಸಿರಾಟಕ್ಕಾಗಿ ಯುವರಾಜನ ಶ್ವಾಸನಾಳವನ್ನೇ ಕೊಯ್ದು ದಾರಿ ಮಾಡಬೇಕಾಯಿತು. ಮಾರ್ಚ್ 9ರಂದು ಅವನು ಚಕ್ರವರ್ತಿಯಾದನು. ಆಗ ಅವನಿಗೆ ಮಾತನಾಡುವ ಶಕ್ತಿಯೂ ಇರಲಿಲ್ಲ. 99 ದಿನಗಳ ಕಾಲ ಸಿಂಹಾಸನದಲ್ಲಿದ್ದು ಜೂನ್ 15ರಂದು ಅವನು ಮಡಿದನು. ಮೃತದೇಹದ ಪರೀಕ್ಷೆಯಲ್ಲಿ ಪಾಲ್ಗೊಂಡ ವಿರ್ಚೋ ತಾನು ತುಣುಕುಗಳಲ್ಲಿ ಕಾಣದಿದ್ದ ಕ್ಯಾನ್ಸರನ್ನು ಅಲ್ಲಿ ಕಣ್ಣಾರೆ ಕಾಣಬೇಕಾಯಿತು. ಉದಾರ ಮನಸ್ಸಿನವನೆಂದು ಹೆಸರಾಗಿದ್ದ ಆ ಅರಸನಲ್ಲಿ ವಿರ್ಚೋವಿನಂತಹ ಪ್ರಜಾಪಕ್ಷದವರು ದೊಡ್ಡ ಭರವಸೆಯನ್ನು ಇಟ್ಟುಕೊಂಡಿದ್ದರು. ಆ ಭರವಸೆಯೂ ಅವನೊಡನೆ ಅಸ್ತಮಿಸಿತು.

ಈ ಪ್ರಸಂಗವನ್ನು ಹಿಡಿದು ಅನೇಕರು ಸೂಕ್ಷ್ಮದರ್ಶಕದ ಪರೀಕ್ಷೆಯನ್ನೇ ಹಳಿದರು. ಆದರೆ ದೋಷವಿದ್ದುದು ಪರೀಕ್ಷೆಯ ತತ್ವದಲ್ಲಿ ಅಲ್ಲ. ಕ್ಯಾನ್ಸರ್ ಮೇಲ್ಮೈಯಲ್ಲಿ ನಿರಪಾಯದ ವೇಷವನ್ನು ತೊಟ್ಟು ಆಳದಲ್ಲಿ ತನ್ನ ನಿಜರೂಪವನ್ನು ಅಡಗಿಸಿಕೊಂಡಿರಬಲ್ಲದು. ಆದುದರಿಂದ ತುಣುಕನ್ನು ಸರಿಯಾದ ಸ್ಥಳದಿಂದ, ಸಾಕಷ್ಟು ಆಳದಿಂದ ತೆಗೆಯಬೇಕು. ಸಂದೇಹವಿದ್ದರೆ ಮತ್ತೆ ತೆಗೆಯಬೇಕು. ಈ ಪಾಠವನ್ನು ವೈದ್ಯರು ಕಲಿತರು. ಇಂದು ಬಹುಮಟ್ಟಿನ ಗಡ್ಡೆಗಳ ವಿಷಯದಲ್ಲಿ, ಅದರ ತುಣುಕು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿತವಾದ ಮೇಲೆಯೇ ಕ್ಯಾನ್ಸರ್ ಎಂಬ ತೀರ್ಮಾನವು ಹೊರಬೀಳುತ್ತದೆ.

ವಿರ್ಚೋವಿನ ಬಾಳು ಪ್ರಯೋಗಾಲಯದ ನಾಲ್ಕು ಗೋಡೆಗಳಿಗೆ ಸೀಮಿತವಾಗಿರಲಿಲ್ಲ. 1859ರಲ್ಲಿ ಬರ್ಲಿನ್ ನಗರಸಭೆಯ ಸದಸ್ಯನಾದ ಅವನು ಸಾಯುವವರೆಗೂ ಆ ಸ್ಥಾನದಲ್ಲಿದ್ದು ನಗರದ ಆರೋಗ್ಯಕ್ಕಾಗಿ ದುಡಿದನು. ಬೀದಿಯ ಬದಿಯಲ್ಲಿ ಕೊಳೆನೀರು ಹರಿಯುತ್ತಿದ್ದ ಆ ನಗರಕ್ಕೆ ನೆಲದೊಳಗಿನ ಒಳಚರಂಡಿಯ ವ್ಯವಸ್ಥೆಯು 1870ರ ದಶಕದಲ್ಲಿ ಬಂದುದು ಅವನ ಮತ್ತು ಹೋಬ್ರೆಕ್ಟ್ ಎಂಬ ಎಂಜಿನಿಯರನ ಪ್ರಯತ್ನದಿಂದ. ಮಾಂಸದ ಮೂಲಕ ಹರಡುವ ಹುಳುವಿನ ರೋಗವನ್ನು ತಡೆಯಲು ಮಾಂಸದ ತಪಾಸಣೆಗಾಗಿ ಹೋರಾಡಿದನು. ಪ್ರಷ್ಯದ ಶಾಸನಸಭೆಯಲ್ಲಿ ಬಲಿಷ್ಠ ಮಂತ್ರಿಯಾದ ಬಿಸ್ಮಾರ್ಕನನ್ನು ಎದುರಿಸಿ ಮಾತನಾಡಿದನು. ಕುಪಿತನಾದ ಬಿಸ್ಮಾರ್ಕನು 1865ರಲ್ಲಿ ಅವನನ್ನು ದ್ವಂದ್ವಯುದ್ಧಕ್ಕೆ ಕರೆದನು. ವಾದವನ್ನು ತೀರ್ಮಾನಿಸುವ ದಾರಿ ಅದಲ್ಲವೆಂದು ವಿರ್ಚೋ ನಿರಾಕರಿಸಿದನು. ಜರ್ಮನಿಯ ಅರುವತ್ತು ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳ ಕೂದಲು, ಕಣ್ಣು ಮತ್ತು ಚರ್ಮದ ಬಣ್ಣಗಳನ್ನು ಲೆಕ್ಕಹಾಕಿಸಿ, ಶುದ್ಧ ಜನಾಂಗವೆಂಬುದು ಎಲ್ಲಿಯೂ ಇಲ್ಲವೆಂದು ತೋರಿಸಿದನು. ಎಲ್ಲ ವಿಷಯಗಳಲ್ಲಿಯೂ ಅವನ ತೀರ್ಮಾನ ಸರಿಯಾಗಿತ್ತೆಂದು ಹೇಳುವಂತಿಲ್ಲ. ಬಾಣಂತಿಯರ ಜ್ವರವನ್ನು ತಡೆಯುವ ಬಗೆಯನ್ನು ಕಂಡುಹಿಡಿದ ಸೆಮೆಲ್ವೈಸನ ಮಾತನ್ನು ಅವನು ಒಪ್ಪಲಿಲ್ಲ. ರೋಗಾಣುಗಳ ಸಿದ್ಧಾಂತವನ್ನು ಬಹುಕಾಲ ಸಂದೇಹದಿಂದಲೇ ನೋಡಿದನು.

1901ರಲ್ಲಿ ಅವನ ಎಂಬತ್ತನೆಯ ಹುಟ್ಟುಹಬ್ಬವನ್ನು ಹಲವು ದೇಶಗಳ ವಿದ್ವಾಂಸರು ಕೂಡಿ ಆಚರಿಸಿದರು. ಆ ವಯಸ್ಸಿನಲ್ಲಿಯೂ ಅವನ ನಡೆಯಲ್ಲಿ ಯೌವನದ ಚುರುಕು ಮಾಸಿರಲಿಲ್ಲ. 1902ರ ಜನವರಿ 4ರಂದು ಬರ್ಲಿನ್ನಿನ ಬೀದಿಯೊಂದರಲ್ಲಿ ಚಲಿಸುತ್ತಿದ್ದ ಟ್ರಾಮಿನಿಂದ ಇಳಿಯಲು ಹೋಗಿ ಬಿದ್ದು ತೊಡೆಯ ಎಲುಬನ್ನು ಮುರಿದುಕೊಂಡನು. ಮತ್ತೆ ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 5ರಂದು ಕೊನೆಯುಸಿರೆಳೆದನು.

ವಿರ್ಚೋ ಬಾಳಿದ ಕಾಲದಲ್ಲಿ ಕ್ಯಾನ್ಸರಿನ ಬಗೆಗಳನ್ನು ಗುರುತಿಸಲು ಸಾಧ್ಯವಾಯಿತೇ ಹೊರತು ಗುಣಪಡಿಸುವ ಉಪಾಯಗಳು ಕೆಲವೇ ಇದ್ದವು. ಇಂದು ಆ ಗುರುತಿಸುವಿಕೆಯ ಫಲವನ್ನು ಜಗತ್ತು ಉಣ್ಣುತ್ತಿದೆ. ಗಡ್ಡೆಯಾಗಿ ಒಂದೆಡೆ ನಿಂತ ಕ್ಯಾನ್ಸರನ್ನು ಶಸ್ತ್ರದಿಂದ ತೆಗೆಯಬಹುದು, ವಿಕಿರಣದಿಂದ ಸುಡಬಹುದು. ರಕ್ತದಲ್ಲಿ ಹರಿದಾಡುವ ಲ್ಯುಕೀಮಿಯವನ್ನು ಕತ್ತರಿಸಿ ತೆಗೆಯಲಾಗದು. ಅದಕ್ಕೆ ದೇಹವೆಲ್ಲವನ್ನೂ ಮುಟ್ಟುವ ಔಷಧಗಳೇ ಬೇಕು. ಒಂದು ಕಾಲದಲ್ಲಿ ಮಕ್ಕಳಿಗೆ ಮರಣಶಾಸನವಾಗಿದ್ದ ಆ ರೋಗದ ಸಾಮಾನ್ಯ ಬಗೆಯೊಂದರಿಂದ ಇಂದು ತಕ್ಕ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಪಾಲು ಪಾರಾಗುತ್ತಾರೆ. ಕಾರಣಗಳೂ ಕ್ಯಾನ್ಸರಿನ ಬಗೆಯನ್ನು ಅನುಸರಿಸಿ ಬೇರೆ ಬೇರೆ. ನಮ್ಮ ದೇಶದ ಪುರುಷರಲ್ಲಿ ಹೆಚ್ಚಾಗಿ ಕಾಣುವ ಬಾಯಿಯ ಕ್ಯಾನ್ಸರಿಗೆ ಹೊಗೆಸೊಪ್ಪು ಮತ್ತು ಅಡಕೆಯ ಸೇವನೆಯು ಮುಖ್ಯ ಕಾರಣ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನವು ದಾರಿ ಮಾಡುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಒಂದು ವೈರಸ್ ಕಾರಣವಾಗಿದ್ದು, ಅದನ್ನು ತಡೆಯುವ ಲಸಿಕೆಯು ಬಂದಿದೆ. ಕಾರಣವನ್ನರಿತು ದೂರವಿರುವುದು, ಮಾಯದ ಹುಣ್ಣನ್ನಾಗಲಿ ಹೊಸದಾಗಿ ಕಂಡ ಗಂಟನ್ನಾಗಲಿ ಮರೆಮಾಚದೆ ವೈದ್ಯರಿಗೆ ತೋರಿಸುವುದು, ಇವು ಪ್ರತಿಯೊಬ್ಬರ ಕೈಯಲ್ಲಿಯೂ ಇರುವ ಉಪಾಯಗಳು.

ಭಯವು ಎಲ್ಲ ಗಡ್ಡೆಗಳನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ಜ್ಞಾನವು ಅವುಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಹಾಗೆ ನೋಡಲು ಕಲಿತುದರಿಂದಲೇ ಎಷ್ಟೋ ಮನೆಗಳ ದೀಪಗಳು ಆರದೆ ಉಳಿದಿವೆ. ಕೆಲವು ಬಾರಿ ಎಡವಿದರೂ ನೋಡುವ ಆ ಕ್ರಮವನ್ನು ಮುಂದಿನವರಿಗೆ ಬಿಟ್ಟುಹೋದ ರುಡಾಲ್ಫ್ ವಿರ್ಚೋ ಮಾನವಕುಲದ ಕೃತಜ್ಞತೆಗೆ ಪಾತ್ರನಾಗಿದ್ದಾನೆ.